ಒಗೆಯೋ ಕಲ್ಲಿನ ಕೆಳಗಿದ್ದವರು

ತಿಪಟೂರಿನ ಹೈಸ್ಕೂಲೊಂದರಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಬುದ್ಧ, ಮಹಾವೀರ, ಗಂಗರು, ಹೊಯ್ಸಳರು ಪ್ರತಿ ವರ್ಷವೂ ಬರುತ್ತಾರೆ, ಪರೀಕ್ಷೆ ಮುಗಿದ ಮೇಲೆ ಹೋಗುತ್ತಾರೆ. ನಕ್ಷತ್ರಾಕಾರದ ಜಗತಿ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಚಿತ್ರ ಬರೆದು ಒರೆಸಿದ್ದೇನೋ ಲೆಕ್ಕವಿಲ್ಲ. ಆದರೆ ನಾನು ಕಣ್ಣಾರೆ ಕಂಡದ್ದು ಬೇಲೂರು, ಹಳೇಬೀಡು ಎರಡೇ. ಅದೂ ಶಾಲೆಯ ಪ್ರವಾಸದಲ್ಲಿ, ಶಿಲಾಬಾಲಿಕೆಯರನ್ನು ಬಿಟ್ಟು ಮಕ್ಕಳ ತಲೆ ಎಣಿಸುತ್ತ. ಪಕ್ಕದ ಅರಳಗುಪ್ಪೆಯನ್ನೇ ನೋಡಿರಲಿಲ್ಲ ಎಂದರೆ ಯಾರಾದರೂ ನಕ್ಕಾರು.

ನನ್ನ ತಮ್ಮ ಹೊಸ ಬೈಕ್ ಕೊಂಡಾಗ ಹಳೆಯದನ್ನು ನನಗೆ ಬಿಟ್ಟುಕೊಟ್ಟಿದ್ದ. ಹೆಂಗಸರು ಸ್ಕೂಟರ್ ಓಡಿಸಿದರೆ ಯಾರೂ ತಿರುಗಿ ನೋಡುವುದಿಲ್ಲ, ಗೇರ್ ಬೈಕ್ ಆದರೆ ಈಗಲೂ ನೋಡುತ್ತಾರೆ. ನಲವತ್ತು ದಾಟಿದ ಮೇಲೆ ಶಾಲೆಯ ಮೈದಾನದಲ್ಲಿ ಕಲಿತೆ. ಎರಡು ಸಲ ಬಿದ್ದೆ. ಆಮೇಲೆ ಬೀಳಲಿಲ್ಲ.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಹೊರಟು ನಿಂತಾಗ ನಮ್ಮವರು ಬಾಗಿಲಿಗೆ ಬಂದರು.

"ಒಬ್ಬಳೇ ಹೋಗ್ತೀಯಾ?"

"ಒಬ್ಬಳೇ ಹೋಗ್ಬೇಕು ಅಂತಾನೇ ಹೊರಟಿರೋದು."

"ಸರಿ, ಸ್ವೆಟರ್ ಹಾಕ್ಕೋ" ಎಂದು ಒಳಗೆ ಹೋದರು.

ಮಂಜು ತೋಟಗಳ ಮೇಲೆ ಇನ್ನೂ ಇಳಿದೇ ಇತ್ತು. ಎರಡೂ ಕಡೆ ತೆಂಗು, ನಡುವೆ ರಾಗಿ ಕೊಯ್ದ ಹೊಲದ ಕೂಳೆ. ಅರಳಗುಪ್ಪೆಯ ಕಲ್ಲೇಶ್ವರನ ಗುಡಿಯಲ್ಲಿ ಯಾರೂ ಇರಲಿಲ್ಲ. ನಡು ಅಂಕಣದ ಚಾವಣಿಯಲ್ಲಿ ಶಿವ ಕುಣಿಯುತ್ತಿದ್ದ, ಸುತ್ತ ದಿಕ್ಪಾಲಕರು. ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ಸೋತಿತು. ಆ ಕಡೆ ಈ ಕಡೆ ನೋಡಿ, ಹೆಲ್ಮೆಟ್ಟನ್ನು ಪಕ್ಕಕ್ಕಿಟ್ಟು, ನೆಲದ ಮೇಲೆ ಅಂಗಾತ ಮಲಗಿಬಿಟ್ಟೆ. ಬೆನ್ನಿಗೆ ಕಲ್ಲಿನ ತಂಪು. ಮೇಲೆ ಶಿವನ ಪಕ್ಕದ ಮೃದಂಗದವನು ಈಗಷ್ಟೇ ಒಂದು ಪೆಟ್ಟು ಹಾಕಿ ಕೈ ಎತ್ತಿದಂತಿದ್ದ.

"ಏನಾಯ್ತಮ್ಮಾ? ತಲೆ ಸುತ್ತು ಬಂತಾ?" ಎಂದು ಓಡಿ ಬಂದವರು ಪೂಜಾರಿ.

"ಇಲ್ಲ ಸ್ವಾಮಿ, ಮೇಲೆ ನೋಡ್ತಿದೀನಿ."

ಅವರೂ ಮೇಲೆ ನೋಡಿದರು. "ದಿನಾ ಇಲ್ಲೇ ಇರ್ತೀನಿ, ನಾನು ಹಿಂಗೆ ಮಲಗಿ ನೋಡಿಲ್ಲ ನೋಡಿ" ಎಂದು ನಕ್ಕು ದೀಪಕ್ಕೆ ಎಣ್ಣೆ ಹಾಕಲು ಹೋದರು. ನಾನು ಇನ್ನೂ ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ.

ತುರುವೇಕೆರೆಯಲ್ಲಿ ಮೂಲೆ ಶಂಕರೇಶ್ವರನ ಗುಡಿ ಸುತ್ತಿ, ಹೊಳೆಯುವ ಕರಿ ಬಸವನ ಮೈ ಸವರಿ, ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತಿದ್ದಾಗ ಹನ್ನೊಂದು ದಾಟಿತ್ತು. ಗುಡಿಗಳನ್ನು ನೋಡುತ್ತ ಹೊರಟಿದ್ದೇನೆ ಎಂದಾಗ ಅಂಗಡಿಯವರು ಲೋಟ ತೊಳೆಯುವುದನ್ನು ನಿಲ್ಲಿಸಿ ಹೇಳಿದರು: "ದಬ್ಬೇಘಟ್ಟದ ಕಡೆ ಒಂದ್ ತೋಟದಾಗೆ ಬುದ್ಧ ಎದ್ದವ್ನಂತೆ ಕಣ್ರೀ ಮೇಡಂ. ಮೊನ್ನೆ ಜೆಸಿಬಿಗೆ ಸಿಕ್ತಂತೆ. ಜನ ಹೋಗಿ ನೋಡ್ಕಂಡ್ ಬತ್ತಾವ್ರೆ."

ನಮ್ಮ ಸೀಮೆಯಲ್ಲಿ ಬುದ್ಧನೇ? ಪಾಠದಲ್ಲಿ ಅವನನ್ನು ಯಾವಾಗಲೂ ಗಂಗೆಯ ಬಯಲಿನಲ್ಲೇ ಬಿಟ್ಟು ಬರುತ್ತಿದ್ದೆ. ದಾರಿ ಕೇಳಿಕೊಂಡು ಹೊರಟೆ.

ತೋಟದ ಮನೆಯ ಮುಂದೆ ಸಿಪ್ಪೆಯ ಗುಡ್ಡೆ ಇತ್ತು. ಒಬ್ಬ ಯಜಮಾನರು ಕಾಯಿ ಸುಲಿಯುತ್ತಿದ್ದರು. ನಾನು ಶಾಲೆಯ ಮೇಡಂ ಎಂದು ತಿಳಿದದ್ದೇ ಕೈ ಒರೆಸಿಕೊಂಡು ಎದ್ದರು. ಹಳೆಯ ಬಾವಿ ಬತ್ತಿ ಎಷ್ಟೋ ವರ್ಷವಾಗಿತ್ತಂತೆ. ಅದರ ದಡದಲ್ಲಿದ್ದ ಬಟ್ಟೆ ಒಗೆಯೋ ಕಲ್ಲನ್ನು ಬೋರ್‌ವೆಲ್ ತೊಟ್ಟಿಯ ಹತ್ತಿರ ಹಾಕಿಸೋಣವೆಂದು ಜೆಸಿಬಿಯಿಂದ ಎತ್ತಿಸಿದರೆ ಕಲ್ಲು ಮಗುಚಿಕೊಂಡಿತು. ಅದರ ಅಡಿಮೈಯಲ್ಲೇ ಕೆತ್ತಿದ ಮೂರ್ತಿ.

"ಅದೇನೋ ಸರಿ ಮೇಡಮ್ಮೋರೆ, ನಮ್ಮವ್ವುಂದೇ ಯೋಚ್ನೆ" ಎಂದರು ದನಿ ತಗ್ಗಿಸಿ. "ಎರಡು ದಿನದಿಂದ ಕಾಪಿ ಬುಟ್ರೆ ಬಾಯಿಗೆ ಏನೂ ಹಾಕಿಲ್ಲ. ಅದ್ರ ಮುಂದೇನೇ ಕುಂತವ್ಳೆ."

ತೊಟ್ಟಿಯ ಪಕ್ಕ ಆ ಕಲ್ಲು ಅಂಗಾತ ಮಲಗಿತ್ತು. ಅದರ ಹತ್ತಿರ ಗೋಣಿಚೀಲದ ಮೇಲೆ ಎಪ್ಪತ್ತು ದಾಟಿದ ಅಜ್ಜಿ. ಯಾರೋ ಮೂರ್ತಿಗೆ ಕುಂಕುಮ ಇಟ್ಟು, ಚೆಂಡುಹೂವು ಹಾಕಿದ್ದರು. ಕಣ್ಣು ಮುಚ್ಚಿ, ಕಾಲು ಮಡಚಿ, ತೊಡೆಯ ಮೇಲೆ ಕೈ ಮೇಲೆ ಕೈ ಇಟ್ಟು ಕೂತ ಆಕೃತಿ. ಜನ ಬುದ್ಧ ಅಂದುಕೊಂಡದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆದರೆ ತಲೆಯ ಮೇಲೆ ಮಣ್ಣು ಮೆತ್ತಿದ ಏನೋ ಕೆತ್ತನೆ ಇತ್ತು. ಹೆಬ್ಬೆರಳಿನಿಂದ ಮಣ್ಣು ಉಜ್ಜಿದೆ. ಒಂದು ಕೊಡೆ ಕಂಡಿತು. ಅದರ ಮೇಲೊಂದು, ಮತ್ತೂ ಒಂದು. ಮುಕ್ಕೊಡೆ! ಮೈಮೇಲೆ ಬಟ್ಟೆಯ ಗೆರೆಯೂ ಇಲ್ಲ.

"ಇದು ಬುದ್ಧ ಅಲ್ಲ, ಜೈನರ ತೀರ್ಥಂಕರರು" ಎಂದೆ. ಯಾವ ತೀರ್ಥಂಕರರೆಂದು ನನಗೆ ತಿಳಿಯಲಿಲ್ಲ. ಅದನ್ನೂ ಹೇಳಿದೆ.

ಯಜಮಾನರಿಗೆ ಯಾರಾದರೂ ಒಂದೇ. ಎಳನೀರು ಕೊಚ್ಚಿಕೊಂಡು ಬರುತ್ತೇನೆಂದು ಹೋದರು. ಅಜ್ಜಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಿತು.

"ನೀನು ಓದಿದೋಳು. ಒಂದ್ ಮಾತು ಕೇಳ್ತೀನಿ, ಯಾರಿಗೂ ಹೇಳ್ಬ್ಯಾಡ ಕಣವ್ವ."

"ಹೇಳಲ್ಲ ಅಜ್ಜಿ."

"ನಾನು ಮದ್ವೆಯಾಗಿ ಬಂದಾಗಿನಿಂದ ಇದ್ರ ಮ್ಯಾಲೇ ಒಗ್ದಿದೀನಿ. ಮಕ್ಳ ಹೇಲಿನ ಬಟ್ಟೆ ಒಗ್ದೆ. ನಮ್ಮತ್ತೆ ಹಾಸಿಗೆ ಹಿಡಿದಾಗ ಅವ್ರುದ್ನೂ ಒಗ್ದೆ." ಸುತ್ತ ನೋಡಿ ಇನ್ನೂ ಹತ್ತಿರ ಬಾಗಿತು. "ತಿಂಗಳ ಬಟ್ಟೆ, ಅದ್ನೂ ಇಲ್ಲೇ ಕಣವ್ವ. ಎಲ್ರೂ ಮಲಗಿರುವಾಗ ಎದ್ದು ಬಂದು, ಇದ್ರ ಬೆನ್ ಮ್ಯಾಲೆ ಬಡ್ದು ಬಡ್ದು ಒಗೀತಿದ್ದೆ. ಈವಯ್ಯ ಕೆಳಗೆ ಮಕಾಡೆ ಬಿದ್ದಿದ್ದ. ನನ್ ಮ್ಯಾಲೆ ಮುನ್ಸ್ಕಂಡಿರಕಿಲ್ವಾ?"

ಇಂಥ ಪ್ರಶ್ನೆಯನ್ನು ತರಗತಿಯಲ್ಲಿ ಯಾರೂ ನನಗೆ ಕೇಳಿಲ್ಲ. ಸುಳ್ಳು ಸಮಾಧಾನ ಹೇಳುವುದಕ್ಕೆ ಮನಸ್ಸಾಗಲಿಲ್ಲ. ಆಮೇಲೆ ಹೊಳೆಯಿತು: ಸುಳ್ಳಿನ ಅವಶ್ಯಕತೆಯೇ ಇಲ್ಲ.

"ಅಜ್ಜಿ, ಇವರನ್ನ ಜಿನ ಅಂತಾರೆ. ಜಿನ ಅಂದ್ರೆ ಗೆದ್ದೋರು."

"ಯಾರ್ನ ಗೆದ್ರು?"

"ಯಾರನ್ನೂ ಅಲ್ಲ. ತಮ್ಮ ಕೋಪಾನ, ತಮ್ಮ ಆಸೇನ. ಕೋಪ ಗೆದ್ದಿದ್ದಕ್ಕೇ ಆ ಹೆಸರು. ಮುನಿಸಿಕೊಂಡ್ರೆ ಇವರು ಜಿನಾನೇ ಅಲ್ಲ."

ಅಜ್ಜಿ ನನ್ನ ಮುಖವನ್ನೇ ನೋಡಿತು. "ಪುಸ್ತಕದಾಗೆ ಐತಾ?"

"ಐತೆ. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಹೇಳ್ತಾ ಇದೀನಿ."

ನಿಜವಾಗಿ ಹೇಳುತ್ತಲೇ ಇದ್ದೆ. ಎರಡು ಅಂಕದ ಪ್ರಶ್ನೆ ಅದು. ಅದರಿಂದ ಒಬ್ಬರಿಗೆ ಊಟ ಸೇರಬಹುದು ಎಂದು ಆವತ್ತಿನವರೆಗೆ ಅಂದುಕೊಂಡಿರಲಿಲ್ಲ.

"ಇನ್ನೊಂದು ನೋಡಿ" ಎಂದು ಅಜ್ಜಿಯ ಕೈ ಹಿಡಿದು ಮೂರ್ತಿಯ ಮೂಗಿನ ಮೇಲೆ, ರೆಪ್ಪೆಗಳ ಮೇಲೆ ಆಡಿಸಿದೆ. "ಎಷ್ಟು ಚೂಪಾಗಿದೆ. ಗುಡಿಗಳಲ್ಲಿ ಮಳೆಗೆ, ಬಿಸಿಲಿಗೆ ಮೂಗು ಬಾಯಿ ಹೋದವರೇ ಜಾಸ್ತಿ. ಇವರು ಮಕಾಡೆ ಇದ್ದಿದ್ದಕ್ಕೆ ಉಳಿದ್ರು."

"ಬುಡು, ನನ್ ಸಮಾಧಾನಕ್ಕೆ ಹೇಳ್ತೀಯ" ಎಂದಿತು. ಆದರೆ ಕೈ ಹಿಂದಕ್ಕೆ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ಸೆರಗಿನ ತುದಿಯನ್ನು ತೊಟ್ಟಿಯ ನೀರಿನಲ್ಲಿ ಅದ್ದಿ, ಕಿವಿಯ ಸಂದಿಯಲ್ಲಿ ಉಳಿದಿದ್ದ ಮಣ್ಣನ್ನು ತೆಗೆಯತೊಡಗಿತು, ಮಗುವಿಗೆ ಮುಖ ತೊಳೆದ ಹಾಗೆ. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದು ಮನೆಯ ಕಡೆ ಕೂಗಿತು: "ಲೇ ಇವ್ಳೇ, ಮುದ್ದೆ ಆಯ್ತೇನೇ? ಮೇಡಮ್ಮುಂಗೂ ಒಂದ್ ತಟ್ಟೆ ಇಡು!"

ಒಳಗಿಂದ ಸೊಸೆ ಸೌಟು ಹಿಡಿದುಕೊಂಡೇ ಹೊರಗೆ ಬಂದು ಅತ್ತೆಯನ್ನು ನೋಡಿದಳು. ಹಾಗೇ ಒಳಗೆ ಓಡಿದಳು. ಅವರೇಕಾಳು ಸಾರು, ಬಿಸಿ ಮುದ್ದೆ. ಅಜ್ಜಿ ಒಂದು ಮುದ್ದೆ ಪೂರ್ತಿ ಉಂಡು ಅರ್ಧ ಮತ್ತೆ ಹಾಕಿಸಿಕೊಂಡಿತು. ಮಗ ತಟ್ಟೆಯನ್ನೇ ನೋಡುತ್ತ ಉಣ್ಣುತ್ತಿದ್ದರು, ತಲೆ ಎತ್ತಿದರೆ ಎಲ್ಲಿ ತಾಯಿ ನಿಲ್ಲಿಸಿಬಿಡುತ್ತಾಳೋ ಎನ್ನುವಂತೆ.

ಊಟವಾದ ಮೇಲೆ ಮೂರ್ತಿಯನ್ನು ಎಲ್ಲಿ ಕೂರಿಸುವುದೆಂಬ ಮಾತು ಬಂತು. ಮಗ ತೆಂಗಿನ ಮರದ ಬುಡ ತೋರಿಸಿದರು. "ಕಾಯಿ ತಲೆ ಮ್ಯಾಲೆ ಬಿದ್ರೆ ಏನ್ಲಾ ಮಾಡ್ತೀಯ? ಇಷ್ಟ್ ವರ್ಸ ಅನುಭವ್ಸಿದ್ ಸಾಲ್ದಾ?" ಎಂದು ಅಜ್ಜಿ ಬೈದಿತು. ಕೊನೆಗೆ ಪಂಪ್‌ಹೌಸ್ ಪಕ್ಕ, ಗೋಡೆಗೆ ಒರಗಿಸಿ ನಿಲ್ಲಿಸುವುದು ಎಂದಾಯಿತು. ಇಂಥ ಮೂರ್ತಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಎಂದು ಹೇಳಿ, ಅಲ್ಲೇ ಕೂತು ಅರ್ಜಿ ಬರೆದುಕೊಟ್ಟೆ. ಯಜಮಾನರು ಸಹಿ ಹಾಕಿದರು. ಫೋನಿನಲ್ಲಿ ನಾಲ್ಕು ಫೋಟೋ ತೆಗೆದುಕೊಂಡೆ.

ನಾಗಲಾಪುರದ ಗುಡಿಗಳಿಗೂ ಹೋಗಬೇಕೆಂದಿದ್ದೆ, ಹೊತ್ತು ಸಾಲಲಿಲ್ಲ. ಕ್ಯಾರಿಯರ್‌ಗೆ ಆರು ಕಾಯಿ ಕಟ್ಟಿಸಿಕೊಂಡು, ಬಿಸಿಲು ಹಳದಿಯಾಗುವ ಹೊತ್ತಿಗೆ ತಿಪಟೂರಿನ ದಾರಿ ಹಿಡಿದೆ. ದಾರಿಯುದ್ದಕ್ಕೂ ನಿಧಾನವಾಗಿಯೇ ಓಡಿಸಿದೆ.

ಎರಡು ತಿಂಗಳ ಮೇಲೆ ಮತ್ತೆ ಹೋಗಿದ್ದೆ. ಅಧಿಕಾರಿಗಳು ಬಂದು ಅಳತೆ ತೆಗೆದುಕೊಂಡು, ಸದ್ಯಕ್ಕೆ ಅಲ್ಲೇ ಇರಲಿ ಎಂದು ಹೇಳಿ ಹೋಗಿದ್ದರಂತೆ. ಮೂರ್ತಿಗೆ ಮಳೆ ತಾಗದ ಹಾಗೆ ಮನೆಯವರು ಮೇಲೆ ನಾಲ್ಕು ತಗಡು ಹಾಕಿದ್ದರು. ಅಜ್ಜಿ ತೊಟ್ಟಿಯ ಹತ್ತಿರ ಹೊಸ ಕಲ್ಲಿನ ಮೇಲೆ ಟವೆಲ್ ಒಗೆಯುತ್ತಿತ್ತು.

"ಇದ್ನ ಎರಡೂ ಕಡೆ ತಿರುಗ್ಸಿ ನೋಡೇ ತರ್ಸಿದ್ದು ಕಣವ್ವ" ಎಂದಿತು ನನ್ನನ್ನು ಕಂಡದ್ದೇ, ಕೈ ನಿಲ್ಲಿಸದೆ. ನಾನು ಹೆಲ್ಮೆಟ್ ಕಳಚಿ ತೊಟ್ಟಿಯ ಕಟ್ಟೆಯ ಮೇಲೆ ಕೂತೆ. ಸೊಸೆ ಮಜ್ಜಿಗೆ ತಂದಳು. ಆ ಸಲ ನಾಗಲಾಪುರಕ್ಕೂ ಹೋಗಿ ಬಂದೆ.