ದೋನಾ ಇದಾಲಿನಾ ಓದಿದ ಚೀಟಿ

ಪೋರ್ಚುಗೀಸರ ಕೊಯಿಂಬ್ರಾ ಊರಿನ ಹಳೆಯ ಕೆಥೆಡ್ರಲ್ ಹಿಂದಿನ ಓಣಿಯಲ್ಲಿ, ಮೂರನೆಯ ಮಹಡಿಯ ಮನೆಯಲ್ಲಿ, ಎಲ್ಲರೂ ಗೌರವದಿಂದ ದೋನಾ ಎನ್ನುತ್ತಿದ್ದ ಇದಾಲಿನಾ ಮೂವತ್ತೊಂದು ವರ್ಷಗಳಿಂದ ವಿದ್ಯಾರ್ಥಿಗಳಿಗೆ ಕೋಣೆ ಬಾಡಿಗೆಗೆ ಕೊಡುತ್ತಿದ್ದಳು. ಅವಳ ಮನೆಯಲ್ಲಿದ್ದು ಹೋದವರಲ್ಲಿ ಇಬ್ಬರು ನ್ಯಾಯಾಧೀಶರಾಗಿದ್ದರು, ಒಬ್ಬ ಹೃದಯದ ಡಾಕ್ಟರಾಗಿದ್ದ. ಅವರಲ್ಲಿ ಒಬ್ಬರಿಗೂ ಈ ಮನೆಯೊಡತಿಗೆ ಓದುಬರಹ ಬಾರದೆಂದು ಗೊತ್ತಿರಲಿಲ್ಲ.

ಅವಳ ತಾಯಿ ಮೊಂಡೇಗು ಹೊಳೆಯಲ್ಲಿ ವಿದ್ಯಾರ್ಥಿಗಳ ಬಟ್ಟೆ ಒಗೆಯುತ್ತಿದ್ದವಳು. ಎಂಟು ವರ್ಷಕ್ಕೇ ಇದಾಲಿನಾ ಒಗೆದ ಬಟ್ಟೆಯ ಗಂಟು ತಲೆಯ ಮೇಲೆ ಹೊತ್ತು ಗುಡ್ಡದ ಮೇಲಿನ ಮನೆಮನೆಗೆ ತಲುಪಿಸುತ್ತಿದ್ದಳು. ಯಾರ ಗಂಟು ಯಾರದು ಎಂದು ತಿಳಿಯಲು ಬಣ್ಣದ ದಾರ ಕಟ್ಟುತ್ತಿದ್ದಳು. ಕಾನೂನು ಓದುವ ಡುಮ್ಮನಿಗೆ ಕೆಂಪು, ಯಾವಾಗಲೂ ಕೆಮ್ಮುವವನಿಗೆ ನೀಲಿ. ಒಂದು ಕಾಲುಚೀಲವೂ ಮನೆ ತಪ್ಪಿದ್ದಿಲ್ಲ. ಊರಿನಲ್ಲಿ ಶಾಲೆಯೇನೋ ಇತ್ತು. ಆದರೆ ಸೋಮವಾರ ಒಗೆಯುವುದು, ಮಂಗಳವಾರ ಒಣಗಿಸುವುದು, ಬುಧವಾರ ಇಸ್ತ್ರಿ, ಉಳಿದ ಎರಡು ದಿನ ಹೋದರೆ ಮೇಷ್ಟರು, "ಬಂದ್ಯಾ ಮಹಾರಾಣಿ?" ಎಂದು ಹಿಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದರು. ಅವಳು ಹೋಗುವುದನ್ನೇ ಬಿಟ್ಟಳು.

ಗಂಡ ಅಲ್ಬಾನು ಟ್ರಾಮ್ ಕಂಡಕ್ಟರ್. ಮದುವೆಯಾದ ವಾರದಲ್ಲೇ ಅವನಿಗೆ ವಿಷಯ ತಿಳಿಯಿತು. ಅಂದಿನಿಂದ ಪ್ರತಿ ಸಂಜೆ ಪತ್ರಿಕೆಯನ್ನು ಗಟ್ಟಿಯಾಗಿ ಓದತೊಡಗಿದ, ತನಗೇ ಓದಿಕೊಳ್ಳುತ್ತಿದ್ದೇನೆ ಎಂಬಂತೆ. ಅವನು ತೀರಿಕೊಂಡ ಮೇಲಿನ ಐದು ವರ್ಷ ಅವಳು ಒಬ್ಬಳೇ ನಿಭಾಯಿಸಿದ್ದಳು. ಮಾತ್ರೆಗಳನ್ನು ಡಬ್ಬಿಯ ಬಣ್ಣದಿಂದ ಗುರುತಿಸುವುದು, ಕಾಗದ ಪತ್ರ ಬಂದರೆ "ಕನ್ನಡಕ ಎಲ್ಲೋ ಇಟ್ಟಿದ್ದೀನಿ, ನೀನೇ ಓದಪ್ಪ" ಎನ್ನುವುದು.

ತೊಂಬತ್ತೊಂಬತ್ತರ ಸೆಪ್ಟೆಂಬರಿನಲ್ಲಿ ಯಾಗೊದಾ ಬಂದಳು. ಪೋಲೆಂಡಿನ ತೊರೂನ್ ಊರಿನವಳು, ಇತಿಹಾಸದ ವಿದ್ಯಾರ್ಥಿನಿ. ಒಂದು ಸೆಮಿಸ್ಟರಿನ ಮಟ್ಟಿಗೆ ಇಲ್ಲಿಯ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿ ವಿನಿಮಯದಲ್ಲಿ ಬಂದಿದ್ದಳು. ಬಾಗಿಲಲ್ಲಿ ನಿಂತು, ಉರುಹೊಡೆದುಕೊಂಡು ಬಂದದ್ದನ್ನು ಒಪ್ಪಿಸಿದಳು: "ನಮಸ್ಕಾರ. ನಾನು ಯಾಗೊದಾ. ನಾನು ಕೋಣೆ."

"ನೀನು ಕೋಣೆಯಾದ್ರೆ ನಾನೆಲ್ಲಿ ಇರ್ಲಿ?" ಎಂದಳು ಇದಾಲಿನಾ. ಹುಡುಗಿಗೆ ಅರ್ಥವಾಗಲಿಲ್ಲ. ಆದರೂ ನಕ್ಕಳು. ಆ ನಗು ಇದಾಲಿನಾಗೆ ಹಿಡಿಸಿತು.

ಮೊದಲ ತಿಂಗಳು ಬರೀ ಭಾಷೆಯ ಪಾಠ. ಯಾಗೊದಾ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂಗಿ ಕೂಗಿ ಓದುವಳು; ಇದಾಲಿನಾ ಆಲೂಗೆಡ್ಡೆ ಹೆಚ್ಚುತ್ತ ಬೆನ್ನು ಹಾಕಿಕೊಂಡೇ ತಿದ್ದುವಳು. "ಮೂಗಿನಲ್ಲಿ ಎಳಿ ಮಗಳೇ. ನೆಗಡಿ ಬಂದೋರ ಥರ." ಊಟಕ್ಕೆ ಕೋಸಿನ ಸೂಪು, ಮೆಕ್ಕೆಜೋಳದ ಬ್ರೆಡ್ಡು. ದಿನಾ ಅದೇ. ಹುಡುಗಿ ದಿನಾ ಎರಡು ಬಟ್ಟಲು ಕುಡಿಯುತ್ತಿದ್ದಳು.

ಅಕ್ಟೋಬರಿನ ಒಂದು ಶನಿವಾರ ಇದಾಲಿನಾ ಮಾರುಕಟ್ಟೆಯಿಂದ ಬಂದಾಗ ಮನೆಯಲ್ಲಿ ಯಾಗೊದಾ ಇರಲಿಲ್ಲ. ಮೇಜಿನ ಮೇಲೆ ಒಂದು ಚೀಟಿ ಇತ್ತು, ನಾಲ್ಕು ಸಾಲು. ಇದಾಲಿನಾ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿ ಏಪ್ರನ್ ಜೇಬಿಗೆ ಹಾಕಿಕೊಂಡಳು. ಕೆಳಗಿನ ಮನೆಯವಳಿಗೆ ತೋರಿಸಬಹುದಿತ್ತು. ತೋರಿಸಿದರೆ ನಾಳೆ ಓಣಿಗೆಲ್ಲ ತಿಳಿಯುತ್ತಿತ್ತು. ಸೂಪು ಮಾಡಿ ಕಾದಳು. ಹುಡುಗಿ ಬರಲಿಲ್ಲ. ಹಾಸಿಗೆ ಹಾಗೇ ಇತ್ತು.

ಬೆಳಗಾಗುತ್ತಲೇ ಕೆಥೆಡ್ರಲ್ ಮೆಟ್ಟಿಲಿಗೆ ಹೋದಳು. ಕಪ್ಪು ನಿಲುವಂಗಿಯ ವಿದ್ಯಾರ್ಥಿಗಳು ಗುಂಪಾಗಿ ಕುಳಿತಿದ್ದರು. "ಪೋಲೆಂಡಿನ ಹುಡುಗಿ, ಎತ್ತರಕ್ಕಿದಾಳೆ, ಹಸಿರು ಕೋಟು. ಯಾರಾದ್ರೂ ನೋಡಿದ್ರೇನಪ್ಪಾ?" ಎಂದು ಒಬ್ಬೊಬ್ಬರನ್ನೂ ಕೇಳಿದಳು.

"ಏನೂ ಬರೆದಿಟ್ಟು ಹೋಗಿಲ್ವಾ ಅಮ್ಮಾ?" ಎಂದ ಒಬ್ಬ.

"ಇಲ್ಲ," ಎಂದಳು ಇದಾಲಿನಾ. ಜೇಬಿನಲ್ಲಿದ್ದ ಕೈ ಚೀಟಿಯನ್ನು ಮುದುರಿ ಹಿಡಿದಿತ್ತು.

ಮಧ್ಯಾಹ್ನ ಯಾಗೊದಾ ಬಂದಳು, ಶೂಗಳ ತುಂಬ ಸಮುದ್ರದ ಮರಳು ತುಂಬಿಕೊಂಡು. ಗೆಳತಿಯರ ಜೊತೆ ಕಡಲತೀರದ ಫಿಗೇರಾಕ್ಕೆ ಹೋಗಿದ್ದಳು.

"ಎಲ್ಲಿ ಸತ್ತಿದ್ದೆ ನೀನು? ನಿಮ್ಮಮ್ಮನಿಗೆ ನಾನು ಏನಂತ ಹೇಳಬೇಕಿತ್ತು?" ಎಂದು ಇದಾಲಿನಾ ಕೂಗಿದಳು.

"ಚೀಟಿ... ಇಟ್ಟೆ. ಇಲ್ಲಿ."

"ನೋಡಿದೆ. ಕನ್ನಡಕ ಸಿಗಲಿಲ್ಲ."

ಕನ್ನಡಕ ಅವಳ ಕೊರಳಲ್ಲೇ ದಾರದಲ್ಲಿ ತೂಗುತ್ತಿತ್ತು. ಯಾಗೊದಾ ಅದನ್ನು ನೋಡಿದಳು. ಆದರೆ ಅವಳಿಗೆ ಹೊಳೆದದ್ದು ಬೇರೆಯೇ. ನಿಘಂಟು ಮುಟ್ಟದೆ, ಮೊದಲ ಬಾರಿಗೆ ಸ್ವಂತವಾಗಿ ಈ ಭಾಷೆಯಲ್ಲಿ ತಾನು ಬರೆದದ್ದು ಆ ಚೀಟಿ. ಕಣ್ಣಲ್ಲಿ ನೀರು ತುಂಬಿಕೊಂಡಿತು. "ನನ್ನ ಪೋರ್ಚುಗೀಸು ಅಷ್ಟು ಕೆಟ್ಟದಾ? ಓದೋಕೆ ಆಗಲ್ವಾ? ಒಂದು ತಿಂಗಳು ಓದಿದೆ ನಾನು, ದಿನಾ ಓದಿದೆ."

ಇದಾಲಿನಾ ಕುರ್ಚಿಯ ಮೇಲೆ ಕುಳಿತಳು. ಇಷ್ಟು ವರ್ಷ ಹೇಳದ ಮಾತು. ಹೇಳದೆಯೂ ಇರಬಹುದಿತ್ತು; 'ಹೌದು, ಬರಹ ಚೆನ್ನಾಗಿರಲಿಲ್ಲ' ಎಂದುಬಿಟ್ಟರೆ ಆಗುತ್ತಿತ್ತು. ಆದರೆ ಎದುರಿಗೆ ಹುಡುಗಿ ಅಳುತ್ತಿದ್ದಳು.

"ನಿನ್ನ ತಪ್ಪಲ್ಲ ಮಗಳೇ," ಎಂದಳು. "ನನಗೆ ಓದೋಕೆ ಬರಲ್ಲ."

ಯಾಗೊದಾಗೆ ಮಾತು ಅರ್ಥವಾಯಿತೋ ಇಲ್ಲವೋ ಎಂದು ಅವಳು ಇನ್ನೊಮ್ಮೆ ನಿಧಾನವಾಗಿ ಹೇಳಿದಳು. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಸುಲಭವಾಗಿತ್ತು.

ಹುಡುಗಿ ಮೂಗು ಒರೆಸಿಕೊಂಡು ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಸಮಾಧಾನ ಹೇಳುವಷ್ಟು ಭಾಷೆ ಅವಳ ಬಳಿ ಇರಲಿಲ್ಲ, ಅದೇ ಒಳ್ಳೆಯದಾಯಿತು. ಭಾಷೆಯ ಪುಸ್ತಕದ ಮೊದಲ ಪುಟ ತೆರೆದು ಇಬ್ಬರ ನಡುವೆ ಇಟ್ಟಳು.

ಅಂದಿನಿಂದ ಸಂಜೆ ಅಡುಗೆಮನೆಯಲ್ಲಿ ಇಬ್ಬರು ವಿದ್ಯಾರ್ಥಿನಿಯರು. ಒಬ್ಬಳಿಗೆ ಅಕ್ಷರ ಬರುತ್ತಿತ್ತು, ಮಾತು ಬಾರದು. ಇನ್ನೊಬ್ಬಳಿಗೆ ಮಾತು ಬರುತ್ತಿತ್ತು, ಅಕ್ಷರ ಬಾರದು. ಅಕ್ಷರ ತೋರಿಸುವವಳು ತಪ್ಪಾಗಿ ಉಚ್ಚರಿಸುವಳು, ಕಲಿಯುವವಳು ಗದರುವಳು. ಪೆನ್ಸಿಲು ಹಿಡಿದು ಇದಾಲಿನಾಳ ಬೆರಳು ಸೋಲುತ್ತಿತ್ತು. ಕೆಲವು ದಿನ "ಅರವತ್ತಾರು ವರ್ಷದ ಕತ್ತೆಗೆ ಇದೆಲ್ಲ ಯಾಕೆ" ಎಂದು ಎದ್ದುಬಿಡುವಳು. ಯಾಗೊದಾ ಬಟ್ಟಲು ತೊಳೆದಿಟ್ಟು, ಮತ್ತೆ ಪುಸ್ತಕ ತೆರೆದು ಕಾಯುವಳು.

ಡಿಸೆಂಬರಿನಲ್ಲಿ ಒಂದು ದಿನ ಇದಾಲಿನಾ ಆ ಮುದುರಿದ ಚೀಟಿಯನ್ನು ತೆಗೆದು ಮೇಜಿನ ಮೇಲೆ ಅಂಗೈಯಿಂದ ಸವರಿ ಹರಡಿದಳು. ಬೆರಳಿಟ್ಟುಕೊಂಡು ಓದಿದಳು. ಮೊದಲು ತನ್ನ ಹೆಸರು. ಆಮೇಲೆ ಸಮುದ್ರ. ನಾಳೆ. ಮೂರನೆಯ ಸಾಲಿಗೆ ಬಂದು ನಿಂತಳು. ಮತ್ತೆ ಓದಿದಳು. ಭುಜ ಕುಲುಕತೊಡಗಿತು.

"ಏನಾಯ್ತು?" ಯಾಗೊದಾಗೆ ಗಾಬರಿ.

"ಸೂಪಿಗೆ ನಾವು ಏನಂತೀವಿ?"

"ಸೋಪ."

"ನೀನು ಸಾಪು ಅಂತ ಬರೆದಿದ್ದೀಯ ಕಣೇ. ಅಂದ್ರೆ ಕಪ್ಪೆ. 'ನನಗೋಸ್ಕರ ಕಪ್ಪೆ ಎತ್ತಿಡಬೇಡಿ' ಅಂತ ಬರೆದಿಟ್ಟು ಹೋಗಿದ್ದೀಯ."

ಇಬ್ಬರೂ ನಕ್ಕು ನಕ್ಕು ಸುಸ್ತಾದರು. ಕೆಳಗಿನ ಮನೆಯವಳು ಕೋಲಿನಿಂದ ಚಾವಣಿ ತಟ್ಟಿದಳು. ತನ್ನ ಟೀಚರ ತಪ್ಪನ್ನು ತಾನೇ ಹಿಡಿದದ್ದು ಇದಾಲಿನಾಗೆ ಎಷ್ಟು ಹಿಗ್ಗು ತಂದಿತೆಂದರೆ, ಮರುದಿನ ಬೆಳಿಗ್ಗೆ ಅಂಗಡಿಗಳ ಬೋರ್ಡು ಓದುತ್ತ ಹೊಳೆಯವರೆಗೆ ನಡೆದು ಹೋದಳು.

ಜನವರಿಯಲ್ಲಿ ಅವಳ ಗುರುತಿನ ಕಾರ್ಡಿನ ಅವಧಿ ಮುಗಿಯಿತು. ಹಳೆಯ ಕಾರ್ಡಿನಲ್ಲಿ ಸಹಿಯ ಜಾಗದಲ್ಲಿ 'ಸಹಿ ಮಾಡಲು ಬಾರದು' ಎಂದು ಅಚ್ಚಾಗಿತ್ತು. ಕಚೇರಿಯ ಗುಮಾಸ್ತ ಅದನ್ನು ನೋಡಿ, ಅಭ್ಯಾಸದಂತೆ ಹೆಬ್ಬೆಟ್ಟಿನ ಗುರುತಿಗೆಂದು ಮಸಿಯ ಡಬ್ಬಿಯನ್ನು ಮುಂದಕ್ಕೆ ತಳ್ಳಿದ.

"ಪೆನ್ನು ಕೊಡಪ್ಪಾ," ಎಂದಳು ಇದಾಲಿನಾ.

ಗುಮಾಸ್ತ ತಲೆಯೆತ್ತಿ ನೋಡಿದ. ಹಿಂದೆ ಸಾಲು ಉದ್ದವಿತ್ತು. ಅವಳು ಇದಾಲಿನಾ ಎಂದು ಬರೆದು, ಉಸಿರು ತೆಗೆದುಕೊಂಡು, ಅಲ್ಬಾನುವಿನ ಮನೆತನದ ಹೆಸರನ್ನೂ ಬರೆದಳು. ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿತು. ಗುಮಾಸ್ತ ಅವಸರ ಮಾಡಲಿಲ್ಲ. "ಚೆನ್ನಾಗಿದೆ ಅಮ್ಮಾ," ಎಂದ. ಹೊರಗೆ ಬಂದ ಮೇಲೆ, ಜೊತೆಗೆ ಬಂದಿದ್ದ ಯಾಗೊದಾಳ ತೋಳು ಹಿಡಿದುಕೊಂಡಳು. ಅಲ್ಬಾನು ಇದನ್ನು ನೋಡಬೇಕಿತ್ತು ಎಂದಷ್ಟೇ ಅಂದಳು.

ಫೆಬ್ರವರಿಯಲ್ಲಿ ಸೆಮಿಸ್ಟರ್ ಮುಗಿಯಿತು. ರೈಲು ನಿಲ್ದಾಣದಲ್ಲಿ ಯಾಗೊದಾ ಅತ್ತಳು. ಇದಾಲಿನಾ ಅಳಲಿಲ್ಲ, "ಬರೆಯುವಾಗ ದೊಡ್ಡ ಅಕ್ಷರದಲ್ಲಿ ಬರಿ. ನಿನ್ನ ಕೈಬರಹ ಇರುವೆ ಹರಿದ ಹಾಗಿದೆ," ಎಂದಳು. ಮನೆಗೆ ಬಂದು ಖಾಲಿ ಕೋಣೆಯ ಹಾಸಿಗೆ ಬಿಚ್ಚುವಾಗ ಅತ್ತಳು.

ವಾರ ಕಳೆಯಿತು. ಅಷ್ಟು ವರ್ಷವೂ ಕೋಣೆಯ ಜಾಹೀರಾತನ್ನು ಅಲ್ಬಾನುವೋ, ಹಳೆಯ ವಿದ್ಯಾರ್ಥಿಯೋ ಬರೆದುಕೊಡುತ್ತಿದ್ದರು. ಈ ಸಲ ಮೂರು ಹಾಳೆ ಕೆಡಿಸಿ ನಾಲ್ಕನೆಯದರಲ್ಲಿ ಅವಳೇ ಬರೆದಳು: 'ಕೋಣೆ ಖಾಲಿ ಇದೆ. ಬೆಳಗಿನ ಬಿಸಿಲು ಬರುತ್ತೆ. ಮೆಟ್ಟಿಲು ಜಾಸ್ತಿ.' ಗುಡ್ಡ ಹತ್ತಿ ಹೋಗಿ ವಿಶ್ವವಿದ್ಯಾಲಯದ ಬೋರ್ಡಿಗೆ ಪಿನ್ನು ಚುಚ್ಚಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು. ತುಂಬ ಜನ ನೋಡದೆ ದಾಟಿಹೋದರು. ಕೊನೆಗೆ ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡಿದ್ದ ಹೊರದೇಶದ ಹುಡುಗಿಯೊಬ್ಬಳು ನಿಂತು, ತುಟಿ ಅಲುಗಿಸುತ್ತ ನಿಧಾನವಾಗಿ ಓದಿದಳು.

"ಜಾಸ್ತಿ ಅಂದ್ರೆ ಎಷ್ಟು?" ಎಂದು ಅವಳು ಯಾರನ್ನೋ ಎಂಬಂತೆ ಕೇಳಿದಳು.

"ಐವತ್ತೆರಡು," ಎಂದಳು ಇದಾಲಿನಾ.