ನಾನು ಕೊಟ್ಟ ಬಿಳಿ ಜುಟ್ಟು

ಮಗಳು ಸಿಂಚನಾಗೆ ಆಗ ಎಂಟು ತಿಂಗಳು. ಚನ್ನಪಟ್ಟಣದ ನಮ್ಮ ಅಡುಗೆಮನೆಯಲ್ಲಿ, ಅವಳ ಬೆನ್ನ ಹಿಂದೆಯೇ ಸ್ಟೀಲ್ ಪಾತ್ರೆ ಬಿತ್ತು. ನಾನು ಬೆಚ್ಚಿದೆ. ಅವಳು ಬೆಚ್ಚಲಿಲ್ಲ.

ಮತ್ತೆ ಬೀಳಿಸಿದೆ. ಬೇಕೆಂದೇ.

ತಿರುಗಲಿಲ್ಲ.

ಹುಟ್ಟುವಾಗಲೇ ಅವಳ ಹಣೆಯ ಮೇಲೊಂದು ಬಿಳಿ ಜುಟ್ಟು, ತಿಳಿ ನೀಲಿ ಕಣ್ಣು. ಬಿಳಿ ಜುಟ್ಟು ನನಗೂ ಇದೆ, ಸೋಲೂರಿನಲ್ಲಿರುವ ನನ್ನ ಅಪ್ಪನಿಗೂ ಇದೆ. ತವರಿನಲ್ಲಿ ಅದನ್ನು ಅದೃಷ್ಟ ಎನ್ನುತ್ತಿದ್ದರು. ನನ್ನನ್ನು ನೋಡಲು ಗಂಡಿನವರು ಬಂದ ದಿನ ಮಾತ್ರ ಅಮ್ಮ ಅದಕ್ಕೆ ಕಪ್ಪು ಹಚ್ಚಿದ್ದಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮಗುವನ್ನು ಮಲಗಿಸಿ, ಕಿವಿ ಕೇಳುತ್ತದೆಯೇ ಎಂದು ನೋಡುವ ಬೆರಾ ಟೆಸ್ಟ್ ಮಾಡಿದರು. ಎರಡೂ ಕಿವಿ ಕೇಳುವುದಿಲ್ಲ. ಡಾಕ್ಟರು ಮಗುವಿನ ತಲೆ ನೋಡಿದರು, ಆಮೇಲೆ ನನ್ನ ತಲೆ.

"ಕೂದಲಿಗೆ ಬಣ್ಣ ಕೊಡೋ ಜೀವಕೋಶಗಳು ಒಳಕಿವಿಗೂ ಬೇಕಮ್ಮ. ಒಂದು ಜೀನ್ ಕೆಟ್ಟರೆ ಅವು ಹೋಗಬೇಕಾದ ಕಡೆ ಹೋಗಿ ಸೇರಲ್ಲ. ನೀಲಿ ಕಣ್ಣಿನ ಬಿಳಿ ಬೆಕ್ಕುಗಳಲ್ಲೂ ಎಷ್ಟೋ ಕಿವುಡಾಗಿರ್ತಾವೆ."

"ನನಗೆ ಕೇಳುತ್ತಲ್ಲ ಸರ್?"

"ಅದೇ ಜೀನ್ ಒಬ್ಬೊಬ್ಬರಲ್ಲಿ ಒಂದೊಂದು ಥರ. ಬಂದಿರೋದು ನಿಮ್ಮಿಂದ. ಆದ್ರೆ ತಪ್ಪು ನಿಮ್ಮದಲ್ಲ."

ನಿಮ್ಮಿಂದ ಎಂಬುದಷ್ಟೇ ನನ್ನೊಳಗೆ ಇಳಿಯಿತು.

ಅತ್ತೆ ಎರಡು ದಿನ ಊಟ ಬಿಟ್ಟರು. "ನಮ್ ಕಡೆ ಯಾರ್ಗೂ ಹಿಂಗಿಲ್ಲ ಕಣವ್ವ. ಮದ್ವೆಗೆ ಮುಂಚೆ ಒಂದ್ ಮಾತು ಹೇಳ್ಬಾರ್ದಿತ್ತಾ?" ಇನ್ನೊಂದು ಮಗುವಿನ ಮಾತು ಗಂಡನಿಗೂ ನನಗೂ ನಡುವೆ ಅಲ್ಲಿಗೇ ನಿಂತಿತು. ಅಪ್ಪ ಬಂದವರು ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲ. "ನಾ ಕೊಟ್ಟಿದ್ದು ಕಣವ್ವ ಇದು," ಎಂದು ಟವೆಲ್ಲಿನಲ್ಲಿ ತಲೆ ಮುಚ್ಚಿಕೊಂಡು ಜಗಲಿಯಲ್ಲೇ ಕುಳಿತರು.

ಒಂದು ಮಧ್ಯಾಹ್ನ ಕತ್ತರಿ ತಂದು ಮಗುವಿನ ಬಿಳಿ ಜುಟ್ಟನ್ನು ಬುಡದವರೆಗೆ ಕತ್ತರಿಸಿ ಹಾಕಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಾ ನಕ್ಕಳು. ನಾನು ಬಾಯಿಬಿಟ್ಟು ಅಳುತ್ತಿದ್ದೆ. ಅವಳಿಗದು ಆಟದಂತೆ ಕಂಡಿರಬೇಕು.

ಒಂದೂವರೆ ವರ್ಷಕ್ಕೆ, ಒಳಕಿವಿಗೆ ಕೇಳಿಸುವ ಯಂತ್ರ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ ಆಯಿತು. ಆಮೇಲೆ ವಾರಕ್ಕೆರಡು ಸಲ ಬಸ್ಸಿನಲ್ಲಿ ಸ್ಪೀಚ್ ಥೆರಪಿಗೆ. ಐದು ತಿಂಗಳು ಹೆಸರು ಹಿಡಿದು ಕರೆದದ್ದೇ ಕರೆದದ್ದು. ಕೂಗಿ ಕೂಗಿ ನನ್ನ ದನಿ ಒಡೆಯಿತು, ಅವಳು ತಿರುಗಲಿಲ್ಲ. ಯಂತ್ರ ಸರಿಯಾಗಿದೆ, ಕೇಳಿಸಿದ್ದು ಮಾತು ಎಂದು ಮೆದುಳು ಕಲಿಯಬೇಕು, ಕಾಯಿರಿ ಎಂದರು ಥೆರಪಿಯವರು. ಹಾಗೆಂದವರು ಯಾರಾದರೂ ತಮ್ಮ ಮಗುವಿನ ಬೆನ್ನ ಹಿಂದೆ ನಿಂತು ದಿನವೆಲ್ಲ ಕೂಗಿದ್ದಾರೆಯೇ ಎನಿಸುತ್ತಿತ್ತು.

ಹೋದ ವಾರ ಹಿತ್ತಿಲಲ್ಲಿ ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ನನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ, ಅವಳಿಗೆ ಕೇಳದಿದ್ದಾಗಲೂ, ಮೊಮ್ಮಗಳೊಂದಿಗೆ ಮಾತು ಬಿಟ್ಟವರಲ್ಲ. "ಬಾ ಮಗಾ ಇಲ್ಲಿ, ಒಸಿ ಬೆಲ್ಲ ಕೊಡ್ತೀನಿ," ಎಂದರು.

ಮಣ್ಣಿನಲ್ಲಿ ಆಡುತ್ತಿದ್ದ ಸಿಂಚನಾ ತಲೆ ತಿರುಗಿಸಿದಳು.

ಅತ್ತೆ ನನ್ನ ಮುಖ ನೋಡಿದರು. "ಇನ್ನೊಂದ್ಸಲ ಕರೀರಿ," ಎಂದೆ. ಅವರು ಬೆಲ್ಲ ತರಲು ಒಳಗೆ ಓಡಿದರು. ನಾನೇ ಕರೆದೆ. ಅಷ್ಟರಲ್ಲಿ ಅವಳು ಮತ್ತೆ ಮಣ್ಣಿನಲ್ಲಿ ಮುಳುಗಿದ್ದಳು.

ಅವಳು ಮೊದಲು ತಿರುಗಿದ್ದು ಅತ್ತೆಯ ದನಿಗೆ. ಇರಲಿ. ಈಗ ನಾವಿಬ್ಬರೂ ಸರದಿಯ ಮೇಲೆ ಕರೆಯುತ್ತೇವೆ.