ಬಿರುಗಾಳಿಯ ಪಕ್ಕದಲ್ಲಿ ನಿಂತವಳು

ಗಂಡ ಬಿಟ್ಟುಹೋದ ಮೇಲೆ ತಮ್ಮನ ಮನೆ ಸೇರಿದ ಅಕ್ಕನಿಗೆ ಸಿಕ್ಕಿದ್ದು ಸ್ಪೀಕರುಗಳ ಕೋಣೆ. ಪಾರ್ಟಿಗಳಲ್ಲಿ ಡಿಜೆ ಆಗಿ ಹಾಡು ಹಾಕುವ ತಮ್ಮನನ್ನು ಊರೆಲ್ಲ ಬಿರುಗಾಳಿ ಎಂದೇ ಕರೆಯುತ್ತಿತ್ತು. ಅವನ ಕರಿ ಪೆಟ್ಟಿಗೆಗಳು ಗೋಡೆ ತುಂಬ ನಿಂತು ಉಳಿದ ಜಾಗದಲ್ಲಿ ಅವಳ ಹಾಸಿಗೆ. ಹಗಲು ಲಾಂಡ್ರಿಯಲ್ಲಿ ಇಸ್ತ್ರಿ, ಸಂಜೆ ಇಲ್ಲಿ ಅಡುಗೆ. ತುಟಿ ಪಿಟಕ್ಕೆನ್ನದೆ ದುಡಿಯುತ್ತಾಳೆ ಎಂದು ತಮ್ಮನ ಹೆಂಡತಿ ಬಂದವರ ಮುಂದೆಲ್ಲ ಹೊಗಳುತ್ತಿದ್ದಳು.

ಒಂದು ಭಾನುವಾರ ಬಿರುಗಾಳಿ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ.

"ಅಕ್ಕಾ, ಯಾರಿಗೂ ಹೇಳ್ಬೇಡ. ನನ್ನ ಎಡಗಿವಿ ಹೋಯ್ತು. ಬಲಗಿವೀಲಿ ಯಾವಾಗ್ಲೂ ಗುಂಯ್ ಅಂತಿರುತ್ತೆ. ಒಂದು ಹಾಡಿಂದ ಇನ್ನೊಂದಕ್ಕೆ ಹೋಗುವಾಗ ತಾಳದ ಏಟು ಎಲ್ಲಿ ಬೀಳುತ್ತೋ ಗೊತ್ತಾಗ್ತಿಲ್ಲ."

"ಡಾಕ್ಟ್ರಿಗೆ ತೋರಿಸಿದ್ಯಾ?"

"ತೋರಿಸ್ದೆ. ಈ ಕೆಲಸ ಬಿಡು ಅಂದ್ರು. ಬಿಟ್ಟು ಮಣ್ಣು ತಿನ್ಲಾ? ನೀನು ಕಲಿ. ನನ್ನ ಪಕ್ಕ ನಿಂತ್ಕೊಂಡು ಮಾಡು."

ಇಸ್ತ್ರಿ ಪೆಟ್ಟಿಗೆ ಹಿಡಿಯುವ ಕೈಗೆ ಇದೆಂಥ ಕೆಲಸ ಎಂದು ಅವಳಿಗೆ ನಗು ಬಂತು. ಅವನ ಕಣ್ಣು ತುಂಬಿದ್ದು ನೋಡಿ ಆಯ್ತು ಎಂದಳು.

ಕಲಿಕೆ ಶುರುವಾಯಿತು. ಒಂದು ಹಾಡು ಹೊರಗೆ ಓಡುತ್ತಿರುವಾಗಲೇ ಮುಂದಿನದನ್ನು ಹೆಡ್‌ಫೋನಿನಲ್ಲಿ ಒಂದೇ ಕಿವಿಗೆ ಕೇಳಿಸಿಕೊಳ್ಳಬೇಕು. ವೇಗದ ಗುಂಡಿಯನ್ನು ಕೂದಲೆಳೆಯಷ್ಟು ಸರಿಸಿ ಎರಡರ ಓಟ ಸಮ ಮಾಡಬೇಕು. ಆಮೇಲೆ ಒಂದು ಎರಡು ಮೂರು ನಾಲ್ಕು ಎಂದು ಎಣಿಸಿ, ಮರಳಿ ಒಂದು ಬರುವ ಹೊತ್ತಿಗೆ ಸರಿಯಾಗಿ ಹೊಸ ಹಾಡನ್ನು ಬಿಡಬೇಕು. ಅವಳು ಬಿಟ್ಟಾಗಲೆಲ್ಲ ಮೆಟ್ಟಿಲ ಮೇಲಿಂದ ಪಾತ್ರೆಪಗಡ ಉರುಳಿದಂತಾಗುತ್ತಿತ್ತು. ಬಿರುಗಾಳಿ ಸ್ಪೀಕರಿನ ಮೇಲೆ ಅಂಗೈ ಒತ್ತಿ ನಿಂತು ಸಿಡುಕುತ್ತಿದ್ದ.

"ಏಟು ಎರಡೆರಡು ಬೀಳ್ತಿದೆ. ನನ್ನ ಕೈಗೇ ಗೊತ್ತಾಗ್ತಿದೆ, ನಿನ್ನ ಕಿವಿಗೆ ಗೊತ್ತಾಗಲ್ವಾ? ಹಳೇದರ ಬೇಸ್, ಆ ದಪ್ಪ ಸದ್ದು, ಇಳಿಸು, ಆಮೇಲೆ ಹೊಸದರದ್ದು ಏರಿಸು. ಎರಡೂ ಒಟ್ಟಿಗೆ ಬಿಟ್ರೆ ಬರೀ ಕೆಸರು!"

ಬೈಗುಳ ತಿನ್ನುತ್ತಲೇ ಕಲಿತಳು. ಒಂದು ಸಂಜೆ ಎರಡು ಹಾಡುಗಳ ಏಟು ಒಂದರೊಳಗೊಂದು ಕೂತು, ಯಾವುದು ಯಾವುದೆಂದು ತಿಳಿಯದಂತಾಯಿತು. ಅವಳ ಮೈ ಜುಮ್ಮೆಂದಿತು. ಅನ್ನ ತಳ ಹಿಡಿದು ವಾಸನೆ ಬಂದರೂ ಅವಳು ಕದಲಲಿಲ್ಲ.

ಅಲ್ಲಿಂದ ಪಾರ್ಟಿಗಳಲ್ಲಿ ಮೇಜಿನ ಮುಂದೆ ಕೈ ಎತ್ತಿ ಕುಣಿಯುವವನು ತಮ್ಮ, ಪಕ್ಕದಲ್ಲಿ ತಲೆ ತಗ್ಗಿಸಿ ಹಾಡು ಕೂಡಿಸುವವಳು ಅಕ್ಕ. ವೈರು ಹಿಡಿಯೋಕೆ ಬಂದವಳು ಎಂದು ಅವನು ಕೇಳಿದವರಿಗೆ ಹೇಳುತ್ತಿದ್ದ. ಅವಳಿಗೆ ಅದು ಚುಚ್ಚುತ್ತಿತ್ತು.

ಒಂದು ಕಂಪನಿಯ ಪಾರ್ಟಿಯಲ್ಲಿ ಬಿರುಗಾಳಿ ತಲೆ ಸುತ್ತಿ ವ್ಯಾನಿನಲ್ಲಿ ಮಲಗಿಬಿಟ್ಟ. ಅವತ್ತು ಅವಳೊಬ್ಬಳೇ ನಿಂತಳು. ಎರಡನೇ ಹಾಡಿನಲ್ಲಿ ಒಮ್ಮೆ ತಾಳ ಜಾರಿತು. ಆಮೇಲೆ ಜಾರಲಿಲ್ಲ. ಕುರ್ಚಿಗೆ ಅಂಟಿಕೊಂಡಿದ್ದವರೂ ಎದ್ದು ಬಂದರು. ಮುಗಿದ ಮೇಲೆ ಪಾರ್ಟಿ ಹಾಲ್‌ನ ಮ್ಯಾನೇಜರ್, "ಮುಂದಿನ ಸಲ ನೀವೇ ಬನ್ನಿ ಅಕ್ಕ" ಎಂದು ವ್ಯಾನಿನ ಹತ್ತಿರ ನಿಂತೇ ಹೇಳಿದ. ಬಿರುಗಾಳಿಗೆ ಅಷ್ಟು ಮಾತ್ರ ಚೆನ್ನಾಗಿ ಕೇಳಿಸಿತು.

ತಿಂಗಳೊಳಗೆ ಮನೆಗೆ ಹೊಸ ಯಂತ್ರ ಬಂತು.

"ಗುಂಡಿ ಒತ್ತಿದ್ರೆ ಅದೇ ತಾಳ ಕೂಡಿಸ್ಕೊಳ್ಳುತ್ತೆ. ನೀನಿನ್ನು ಆರಾಮಾಗಿರು ಅಕ್ಕಾ" ಎಂದ.

"ನಾನೇನು ತಪ್ಪು ಮಾಡ್ದೆ?"

"ತಪ್ಪೇನಿಲ್ಲ. ಹೆಂಗಸರು ಅಲ್ಲಿ ನಿಲ್ಲೋದು ಚೆನ್ನಾಗಿರಲ್ಲ" ಎಂದು ಅವನ ಹೆಂಡತಿ ಒಳಗಿನಿಂದಲೇ ಉತ್ತರ ಕೊಟ್ಟಳು.

ಅಕ್ಕ ಧೈರ್ಯ ಮಾಡಿ ಪಾರ್ಟಿ ಹಾಲ್‌ನ ಮ್ಯಾನೇಜರಿಗೆ ತಾನೇ ಫೋನ್ ಮಾಡಿದಳು. ಅವನು ಯಾಕೋ ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ ಮಾತಾಡಿದ.

"ಕರೀಬೇಕು ಅಂತಲೇ ಇದ್ದೆ ಅಕ್ಕ. ನಿಮಗೆ ಕಿವಿ ಹೋಗ್ತಾ ಇದೆ, ಡಾಕ್ಟ್ರು ಬೇಡ ಅಂದಿದ್ದಾರೆ ಅಂತ ನಿಮ್ಮ ತಮ್ಮ ಹೇಳಿದ್ರು. ಹುಷಾರಾಗಿರಿ, ಆಯ್ತಾ?"

ಕಿವಿ ಹೋಗಿರೋದು ಅವನದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಿದರೆ ತಮ್ಮನ ಅನ್ನಕ್ಕೇ ಕಲ್ಲು ಬೀಳುತ್ತಿತ್ತು. "ಆಯ್ತು ಸಾರ್" ಎಂದು ಫೋನ್ ಇಟ್ಟಳು. ಮರುದಿನ ಬಟ್ಟೆಯ ಗಂಟು ಕಟ್ಟಿಕೊಂಡು ಲಾಂಡ್ರಿಯ ಹಿಂದಿನ ಕೋಣೆಗೆ ಹೋದಳು.

ಕೆಲ ದಿನ ಬಿಟ್ಟು ಬಿರುಗಾಳಿ ಅಲ್ಲಿಗೆ ಬಂದ. ಮನೆಯಲ್ಲಿ ಅಡುಗೆಗೆ ತೊಂದರೆಯಾಗಿತ್ತು.

"ಕೋಪ ಸಾಕು, ಮನೆಗೆ ಬಾ ಅಕ್ಕಾ."

"ಬರಲ್ಲ" ಎಂದಳು, ಇಸ್ತ್ರಿಯಿಂದ ಕಣ್ಣೆತ್ತದೆ.

ಅವನು ಬಲಗಿವಿಯನ್ನು ಮುಂದೆ ಚಾಚಿದ. "ಏನಂದೆ?"

"ಬರಲ್ಲ ಅಂದೆ ಕಣೋ!" ಎಂದು ಅವಳು ಕಿರುಚಿದ ಕಿರುಚಿಗೆ ಬಟ್ಟೆ ಕೊಡಲು ಬಂದವರೆಲ್ಲ ತಿರುಗಿ ನೋಡಿದರು. ಅವನ ಮುಖ ಕಪ್ಪಿಟ್ಟಿತು. ಸುತ್ತ ಕಣ್ಣಾಡಿಸಿ, ಬಂದ ದಾರಿ ಹಿಡಿದ.

ಅದರಿಂದ ಅವಳಿಗೆ ಸಮಾಧಾನವೇನೂ ಆಗಲಿಲ್ಲ. ಬಿರುಗಾಳಿ ಈಗಲೂ ಗುಂಡಿ ಒತ್ತಿ ಹಾಡು ಹಾಕುತ್ತಾನೆ, ಜನ ಈಗಲೂ ಕುಣಿಯುತ್ತಾರೆ. ಅಕ್ಕನನ್ನು ಆಮೇಲೆ ಯಾರೂ ಕರೆಯಲಿಲ್ಲ. ಅವತ್ತಿನ ಕಿರುಚಾಟ ಕೇಳಿ, ಪಾಪ ಕಿವುಡಿ ಎಂದುಕೊಂಡ ಲಾಂಡ್ರಿಯ ಗಿರಾಕಿಗಳು ಮಾತ್ರ ಅವಳೊಡನೆ ಜೋರಾಗಿ ಕೂಗಿ ಮಾತಾಡುವುದನ್ನು ರೂಢಿ ಮಾಡಿಕೊಂಡರು.